ಅಣ್ಣ ನಿಲ್ಲಿಸಿದ ಸೂಜಿ

ತಪ್ಪೊಪ್ಪಿಕೊಳ್ಳುವುದೊಂದು ಬಡಗಿಗೆ ಗೊತ್ತಿಲ್ಲದ ಕಸುಬು. ಉಳಿ ಮೊಂಡಾದರೆ ಉಳಿಯನ್ನೇ ಬೈಯುವ ಆಸಾಮಿ. ಜೊತೆಗೆ ಕೆಲಸ ಮಾಡುವ ತಮ್ಮ ಮಾತ್ರ ತಣ್ಣೀರಿನಂಥವನು. ಅಣ್ಣ ಕೊಯ್ದು ಜೋಡಿಸಿದ್ದನ್ನು ಅವನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುತ್ತಿದ್ದ. ಕೊನೆಗೆ ಕಣ್ಣು ಮುಚ್ಚಿ, ಬೆರಳಾಡಿಸಿ, "ಹೂಂ, ಹೋಗ್ಲಿ" ಎಂದ ಮೇಲೇ ಮಾಲು ಅಂಗಡಿಯ ಹೊಸ್ತಿಲು ದಾಟಬೇಕು. ಕೂದಲೆಳೆಯಷ್ಟು ಸಿಬಿರೂ ಆ ಬೆರಳಿಗೆ ತಪ್ಪುತ್ತಿರಲಿಲ್ಲ.

ಐದು ವರ್ಷದ ಹಿಂದೆ ಹುಣ್ಣಾಗಿ ತಮ್ಮನ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದರು. ತಿಂಗಳಿಗೊಂದು ಸೂಜಿ, ಬದುಕಿರುವವರೆಗೂ ತಪ್ಪಿಸಬೇಡಿ ಎಂದು ಆಸ್ಪತ್ರೆಯವರು ಚೀಟಿ ಬರೆದುಕೊಟ್ಟರು. ವರ್ಷದೊಳಗೆ ತಮ್ಮನ ಕೆನ್ನೆ ತುಂಬಿತು. ಬಡಗಿ ಚೀಟಿ ಹರಿದೆಸೆದ.

"ಜೀವಮಾನ ಪೂರ್ತಿ ಚುಚ್ಚಿಸ್ಕೊಳ್ಳೋಕೆ ನೀನೇನು ಗೋಣಿಚೀಲನಾ? ನಿಮ್ಮತ್ತಿಗೆ ಹಾಲು, ಮೊಟ್ಟೆ ಹಾಕ್ತಾಳೆ. ತಿಂದು ಗಟ್ಟಿಯಾಗು."

"ಡಾಕ್ಟರು ಸುಮ್‌ಸುಮ್ನೆ ಹೇಳ್ತಾರೇನ್ರೀ?" ಎಂದಳು ಹೆಂಡತಿ.

"ನೀನ್ಯಾವಾಗ ಓದ್ದೆ ಡಾಕ್ಟರಿಕೆ?" ಎಂದು ಅವಳ ಬಾಯಿ ಮುಚ್ಚಿಸಿದ.

ಈ ವರ್ಷ ತಮ್ಮನ ನಡಿಗೆ ತೂರಾಡತೊಡಗಿತು. "ಅಣ್ಣಾ, ಹತ್ತಿ ಮೇಲೆ ನಡೆದಂಗಾಗುತ್ತೆ. ಕೈಯೆಲ್ಲ ಜುಮ್ ಅನ್ನುತ್ತೆ."

"ಕುಣಿಯಲಾರದವಳಿಗೆ ನೆಲ ಡೊಂಕಂತೆ. ಉಜ್ಜು, ಉಜ್ಜು."

ಒಂದು ದಿನ ಗಿರಾಕಿಯೊಬ್ಬಳು ತೊಟ್ಟಿಲನ್ನು ವಾಪಸು ತಂದಳು. ಅದರ ಪಟ್ಟಿಯಲ್ಲಿದ್ದ ಸಿಬಿರು ಕೂಸಿನ ಕೆನ್ನೆ ಗೀರಿತ್ತು.

"ಕುಡಿದು ಕೆಲ್ಸಕ್ಕೆ ಕೂರ್ತೀಯೇನೋ, ಕುಡುಕಾ!" ಬಡಗಿ ಅವಳೆದುರಿಗೇ ತಮ್ಮನ ಬಾಯಿ ಮೂಸಿದ. ವಾಸನೆ ಇರಲಿಲ್ಲ. ಆದರೆ ಎತ್ತಿದ ಕೈಯನ್ನು ಸುಮ್ಮನೆ ಇಳಿಸಿ ಗೊತ್ತಿದ್ದವನಲ್ಲ, ಹೊಡೆದೇಬಿಟ್ಟ. ಬಿದ್ದ ತಮ್ಮನಿಗೆ ತಾನಾಗಿ ಏಳಲಾಗಲಿಲ್ಲ. ಎರಡು ದಿನ ಬಡಗಿಯ ಅಂಗೈ ಉರಿಯುತ್ತಲೇ ಇತ್ತು. ಮೂರನೆಯ ದಿನ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ಕವಲುಳ್ಳ ಉಕ್ಕಿನ ಕಡ್ಡಿಯೊಂದನ್ನು ಬಡಿದು ತಮ್ಮನ ಕಾಲ್ಬೆರಳಿಗೆ ಒತ್ತಿದರು. "ಅದುರ್ತಿದೆಯಾ?"

"ಏನು ಅದುರ್ಬೇಕು ಮೇಡಂ?"

ಅವರು ರಕ್ತದ ವರದಿ ತಿರುವಿದರು. "ಬಿ ಹನ್ನೆರಡು ಅನ್ನೋ ವಿಟಮಿನ್ ಬರಿದಾಗಿದೆ. ಕತ್ತರಿಸಿದ ಹೊಟ್ಟೆಗೆ ಅದನ್ನ ಊಟದಿಂದ ಸೇರಿಸ್ಕೊಳ್ಳೋಕಾಗಲ್ಲ. ಎಷ್ಟು ಮೊಟ್ಟೆ ತಿಂದ್ರೂ ಅಷ್ಟೆ. ನರ ಕೆಟ್ಟಿದೆ. ಸೂಜಿ ನಿಲ್ಸಿದ್ದು ಯಾರು?"

"ನಾನೇ," ತಮ್ಮ ಥಟ್ಟನೆ ಅಂದ. "ಸೂಜಿ ಕಂಡ್ರೆ ಭಯ."

ಬಡಗಿ ತಮ್ಮನ ಕೈ ಮುಂದೆ ಹಿಡಿದು, "ಇವನ ಬೆರಳು?" ಎಂದ.

"ನಡಿಗೆ ಸುಧಾರಿಸ್ಬಹುದು. ಬೆರಳಿಂದು ಈಗ್ಲೇ ಹೇಳೋಕಾಗಲ್ಲ. ತಡ ಮಾಡಿದೀರಿ."

ಸೂಜಿ ಹಾಕಿಸಿಕೊಂಡು ಹೊರಬರುವಾಗ ತಮ್ಮನ ಒಂದು ಚಪ್ಪಲಿ ಬಾಗಿಲಲ್ಲೇ ಕಳಚಿ ಉಳಿದಿತ್ತು. ಅವನಿಗದು ತಿಳಿದೇ ಇರಲಿಲ್ಲ. ಬಡಗಿ ಅದನ್ನು ತಂದು, ಮಂಡಿಯೂರಿ, ತೊಡಿಸಿದ.

"ಬಿಡಣ್ಣ, ದೊಡ್ಡೋನು ನೀನು. ಜನ ನೋಡ್ತಾರೆ."

"ನೋಡ್ಲಿ. ತಪ್ಪು ನಂದು ಕಣೋ. ಒಳಗೇ ಹೇಳ್ಬೇಕಿತ್ತು, ನಾಲಿಗೆ ಬಿದ್ದೋಯ್ತು."

ತಮ್ಮ ಗೋಡೆ ಹಿಡಿದು ನಿಂತಿದ್ದ. "ಸೂಜಿ ವಿಷ್ಯ ಬಿಡು, ನನ್ನ ಒಳ್ಳೇದಕ್ಕೇ ಅಂತ ಮಾಡ್ದೆ. ವಾಸನೆ ಇಲ್ಲ ಅಂತ ಗೊತ್ತಾದ್ಮೇಲೂ ಹೊಡೆದ್ಯಲ್ಲಣ್ಣ..."

ಬಡಗಿ ಎದ್ದು ಮತ್ತೆ ಡಾಕ್ಟರಮ್ಮನ ಕೋಣೆಗೆ ನುಗ್ಗಿದ. "ಮೇಡಂ, ಸೂಜಿ ನಿಲ್ಸಿದ್ದು ನಾನು, ಅವನಲ್ಲ. ಹಾಗೇ ಬರ್ಕೊಳ್ಳಿ."

ಅವರು ಬರೆದುಕೊಂಡರು. ಹೊರಗೆ ಬಂದರೂ ಆ ಹೊಡೆತದ ಭಾರ ಎದೆಯಿಂದ ಇಳಿದಿರಲಿಲ್ಲ. ಮೆಟ್ಟಿಲ ಬಳಿ ತಮ್ಮ ಅವನ ಹೆಗಲು ಹಿಡಿದ. ಹಿಡಿಯದೆ ಇಳಿಯುವ ಹಾಗಿರಲಿಲ್ಲ.