ಕಂಪ್ಯೂಟರಿನೊಳಗಿನ ಕಂಪ್ಯೂಟರಿಗೆ ನೆಟ್ ಬರಲಿಲ್ಲ

ಗೆಳೆಯರೇ, ಇವತ್ತು ಹೊಳಲ್ಕೆರೆಯ ನಮ್ಮ ಮನೆಯಲ್ಲಿ ನನ್ನ ಮಾನ ಹೋಯಿತು. ನಾನು ಕಾಲೇಜಿನಲ್ಲಿ ನೆಟ್‌ವರ್ಕ್ ಪಾಠ ಮಾಡುವವನು. ನಾಳೆ ವಿದ್ಯಾರ್ಥಿಗಳಿಗೆ ತೋರಿಸಲೆಂದು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್, ಹಾಕಿದ್ದೆ. ಹೊರಗಿನದಕ್ಕೆ ಇಂಟರ್‌ನೆಟ್ ಬರುತ್ತಿತ್ತು, ಒಳಗಿನದಕ್ಕೆ ಇಲ್ಲ. ಎರಡು ದಿನ ಐಪಿ ವಿಳಾಸ ಬದಲಿಸಿ ಬದಲಿಸಿ ಸುಸ್ತಾದೆ. ನನ್ನ ಗೊಣಗಾಟ ತಾಳಲಾರದೆ ಹೆಂಡತಿ ನಿನ್ನೆ ಟೆಲಿಫೋನ್ ಆಫೀಸಿಗೆ ಕಂಪ್ಲೇಂಟ್ ಕೊಟ್ಟುಬಿಟ್ಟಳು.

ಬೆಳಿಗ್ಗೆ ಲೈನ್‌ಮನ್ ತಿಪ್ಪೇಸ್ವಾಮಿ ಬಂದರು.

"ನೆಟ್ ಬರ್ತಾ ಐತಲ್ಲ ಸಾರ್?"

"ಇದಕ್ಕೆ ಬರ್ತೈತೆ. ಇದರೊಳಗೆ ಇನ್ನೊಂದೈತೆ, ಅದಕ್ಕೆ ಬರಲ್ಲ."

ಅವರು ಬಗ್ಗಿ ಸಿಪಿಯು ಹಿಂದೆ ನೋಡಿದರು. ಆಮೇಲೆ ನನ್ನ ಹೆಂಡತಿಯ ಮುಖ ನೋಡಿದರು. "ಅಕ್ಕಾ, ಸಾರ್ ಸರಿಯಾಗಿ ನಿದ್ದೆ ಮಾಡ್ತಾರಾ?"

ಪರದೆಯಲ್ಲಿ ತೋರಿಸಿದೆ. ನಿಧಾನವಾಗಿ ನೋಡಿ, "ಮೊದ್ಲು ಅದರ ವೈರ್ ನೋಡ್ರಿ" ಅಂದರು.

"ಅದಕ್ಕೆ ವೈರೇ ಇಲ್ಲ ತಿಪ್ಪೇಸ್ವಾಮಿ. ಅದು ಬರೀ ಸಾಫ್ಟ್‌ವೇರ್."

"ಇದ್ರೂ ಇಲ್ದಿದ್ರೂ ನೋಡ್ರಿ. ನನ್ನ ಸರ್ವೀಸ್ನಾಗೆ ಯಾವಾಗ್ಲೂ ವೈರೇ."

ಅವರನ್ನು ಸುಮ್ಮನಾಗಿಸಲೆಂದು ಸೆಟ್ಟಿಂಗ್ಸ್ ತೆರೆದೆ. ಕೆಳಗೆ 'ಕೇಬಲ್ ಕನೆಕ್ಟೆಡ್' ಎಂಬ ಪುಟ್ಟ ಚೌಕವಿತ್ತು. ಅದರಲ್ಲಿ ಟಿಕ್ ಇರಲಿಲ್ಲ. ಹಾಕಿದೆ. ಒಳಗಿನ ಕಂಪ್ಯೂಟರಿಗೆ ನೆಟ್ ಬಂತು.

ತಿಪ್ಪೇಸ್ವಾಮಿ ಕಂಪ್ಲೇಂಟ್ ಪುಸ್ತಕದಲ್ಲಿ 'ವೈರ್ ಬಿಚ್ಚಿಕೊಂಡಿತ್ತು, ಸರಿಪಡಿಸಲಾಗಿದೆ' ಎಂದು ಬರೆದು ನನ್ನ ಮುಂದೆ ಹಿಡಿದರು. ಹೆಸರಿನ ಪಕ್ಕ ಎಂ.ಟೆಕ್ ಎಂದು ಬರೆಯುವ ಅಭ್ಯಾಸ ನನಗಿದೆ. ಇವತ್ತು ಬರೀ ಸಹಿ ಹಾಕಿದೆ.