ಹಳದಿ ಬೋರ್ಡಿನ ಗಾಡಿ ಮರಳಿಗಿಳಿದ ಬೆಳಗು

ಕೀ ಕೊಡುವಾಗ ಅಪ್ಪ ಹೇಳಿದ್ದು ಇಷ್ಟೇ. "ಟಾರು ಬಿಟ್ಟು ಕೆಳಕ್ಕೆ ಇಳೀಬ್ಯಾಡ ಕಣವ್ವ. ಸೋಮವಾರ ಬೆಳಿಗ್ಗೆ ಆರಕ್ಕೆ ಪಿಕಪ್ ಐತೆ."

ಆ ಗಾಡಿಯಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ನೌಕರರನ್ನು ಅಪ್ಪ ಅದರಲ್ಲಿ ಕರೆದೊಯ್ದು ಕರೆತರುತ್ತಿದ್ದರು. ಒಂದು ಪಿಕಪ್ ತಪ್ಪಿದರೆ ಫೋನಿನಲ್ಲಿ ಬೈಗುಳ, ಎರಡು ತಪ್ಪಿದರೆ ಆ ರೂಟಿಗೆ ಬೇರೆ ಗಾಡಿ. ನನ್ನ ಬಿ.ಎಸ್ಸಿ. ಮುಗಿದದ್ದೂ ಅದೇ ಗಾಡಿಯಿಂದ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಸಿಕ್ಕಿದ್ದಲ್ಲ ಅದು. ಡಿಗ್ರಿ ಕೈಗೆ ಬಂದ ವರ್ಷವೇ ಅಪ್ಪ ನನಗೆ ಟ್ಯಾಕ್ಸಿ ಓಡಿಸುವ ಬ್ಯಾಡ್ಜನ್ನೂ ಮಾಡಿಸಿದರು. "ಒಂದು ಕೈ ಕೊಟ್ರೆ ಇನ್ನೊಂದು ಇರ್ಲಿ" ಎಂದರು. ನನಗೆ ಪೀಣ್ಯದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಮ್ಮೂರು ಬೇಗೂರಿನಿಂದ ಮೂರು ಬಸ್ಸು ಬದಲಿಸಬೇಕಿತ್ತು. ಸಮುದ್ರವನ್ನು ಮಾತ್ರ ಇಪ್ಪತ್ತೈದು ತುಂಬಿದರೂ ಕಂಡಿರಲಿಲ್ಲ.

ಆ ವರ್ಷ ದಸರೆಗೆ ಅಪ್ಪನ ಕಂಪನಿಗೂ ನನಗೂ ಒಟ್ಟಿಗೆ ನಾಲ್ಕು ದಿನ ರಜೆ ಬಂತು. ಗಾಡಿ ಕೊಟ್ಟರೆ ಸಮುದ್ರ ನೋಡಿ ಬರುತ್ತೇನೆಂದೆ. "ಜೊತೇಲಿ ಯಾರು?" ಎಂದು ಅವ್ವ ಕೇಳಿದಳು. ಯಾರೂ ಇಲ್ಲ ಎಂದೆ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಹೋಗಿ ಟೈರುಗಳ ಗಾಳಿ ನೋಡಿ ಬಂದರು. ಒಪ್ಪಿಗೆ ಎಂದರೆ ಅದೇ.

ಬಾನೆಟ್ಟಿನ ಮೇಲೆ ಆಯುಧಪೂಜೆಯ ಚೆಂಡುಹೂವಿನ ಹಾರ ಬಾಡುತ್ತಿದ್ದಂತೆ ಹೊರಟೆ. ಮೊದಲ ದಿನ ಕುಮಟೆಯಲ್ಲಿ ಉಳಿದೆ. ಮರುದಿನ ಬೆಳಕು ಹರಿಯುವ ಮುಂಚೆ ಉತ್ತರಕ್ಕೆ, ಕಾರವಾರದ ಕಡೆಗೆ ತಿರುಗಿಸಿದೆ. ಮಳೆಗಾಲ ಕಳೆದು ಆಕಾಶ ತೊಳೆದಂತಿತ್ತು. ರಸ್ತೆ ಒಮ್ಮೆ ಗುಡ್ಡ ಹತ್ತುತ್ತಿತ್ತು, ಒಮ್ಮೆ ಸಮುದ್ರದ ಪಕ್ಕಕ್ಕೇ ಇಳಿಯುತ್ತಿತ್ತು. ಕಪ್ಪು ಬಂಡೆಗಳು ನೀರಿನೊಳಗೆ ಕಾಲು ಚಾಚಿದ್ದವು. ಬಸ್ ಸ್ಟಾಪಿನಲ್ಲಿ ನಿಂತವರು ಹಳದಿ ಬೋರ್ಡು ಕಂಡು ಕೈ ಅಡ್ಡ ಹಾಕಿ, ಸ್ಟೀರಿಂಗಿನಲ್ಲಿ ಹೆಂಗಸನ್ನು ಕಂಡು ಕೈ ಕೆಳಗಿಳಿಸುತ್ತಿದ್ದರು.

ಒಂದು ತಿರುವಿನಲ್ಲಿ ಮೀನಿನ ಟೆಂಪೊಗಳು ಕಡಲಿಗೆ ಇಳಿದ ಜಾಡು ಕಂಡಿತು. ಅಪ್ಪನ ಮಾತು ನೆನಪಿತ್ತು. ಆದರೂ ಇಳಿದೆ.

ನಾನು ಗಾಡಿ ಕಲಿತದ್ದು ಊರಿನ ಒಣಗಿದ ಕೆರೆಯಂಗಳದಲ್ಲಿ. ನಮ್ಮ ಕಡೆ ಎಲ್ಲರೂ ಕಲಿಯುವುದು ಅಲ್ಲೇ. ಅಲ್ಲಿ ಅಪ್ಪ ಕಲಿಸಿದ ಪಾಠ ಒಂದು: ನೆಲ ಮಿರುಗಿದರೆ ಕೆಸರು, ಚಕ್ರ ಹೂತುಹೋಗುತ್ತದೆ, ಬೆಳ್ಳಗೆ ಒಣಗಿದ್ದರೆ ಧೈರ್ಯವಾಗಿ ಹೋಗು. ಟೆಂಪೊದ ಜಾಡು ಒದ್ದೆಯಾಗಿ ಮಿರುಗುವ ಮರಳಿನ ಮೇಲೆ ಹೋಗಿತ್ತು. ನನಗೆ ಭಯವಾಯಿತು. ಸ್ಟೀರಿಂಗ್ ಎಳೆದು ಒಣ ಮರಳಿನ ಕಡೆ ತಿರುಗಿಸಿದೆ. ಎರಡು ಮಾರು ಹೋಗಿರಬೇಕು, ಸಡಿಲ ಮರಳಿನಲ್ಲಿ ಗಾಡಿ ಕುಸಿಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಇಳಿದು ಬರಿಗೈಯಲ್ಲಿ ಮರಳು ತೋಡಿದೆ. ಬಗೆದಷ್ಟೂ ಜಾರಿ ಬಂದು ತುಂಬಿಕೊಳ್ಳುತ್ತಿತ್ತು.

ಆಗಲೇ ನೋಡಿದ್ದು. ನಾನು ಇಳಿದಾಗ ದೂರವಿದ್ದ ನೀರು ಈಗ ಹತ್ತಿರವಿತ್ತು. ಕೆರೆ ಒಣಗಿದರೆ ಮತ್ತೆ ತುಂಬಲು ಒಂದು ಮಳೆಗಾಲ ಬೇಕು. ಈ ನೀರು ದಿನಾ ಬರುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಸ್ವಲ್ಪ ದೂರದಲ್ಲಿ ಇಪ್ಪತ್ತು ಮೂವತ್ತು ಜನ ಎರಡು ಸಾಲಾಗಿ ನಿಂತು ದೊಡ್ಡ ಬಲೆಯ ಹಗ್ಗ ಎಳೆಯುತ್ತಿದ್ದರು. ಓಡಿದೆ. ಸಾಲಿನ ಕೊನೆಯಲ್ಲಿದ್ದ ವಯಸ್ಸಾದ ಹೆಂಗಸು ನನ್ನನ್ನೂ ಗಾಡಿಯನ್ನೂ ನೋಡಿದಳು.

"ಎಂತ ತಂಗಿ, ರಸ್ತೆ ಮುಗ್ದೋಯ್ತಾ?"

ಎಲ್ಲರೂ ನಕ್ಕರು. "ಅಕ್ಕಾ, ಒಂದ್ ಹತ್ತು ಜನ ಬಂದು ತಳ್ಳಿದ್ರೆ ಸಾಕು" ಎಂದೆ.

"ಬಲೆ ನೀರಲ್ಲಿ ಉಂಟು. ಈಗ ಹಗ್ಗ ಬಿಟ್ರೆ ಮೀನೂ ಇಲ್ಲ, ಬಲೆಯೂ ಇಲ್ಲ. ಬಲೆ ದಡಕ್ಕೆ ಬರ್ಲಿ."

"ನೀರು ಅಲ್ಲೀತಂಕ ಬರಲ್ಲ ಅಲ್ವಾ? ಅಲ್ಲಿ ಮರಳು ಒಣಗೈತೆ."

"ಹುಣ್ಣಿಮೆ ಹತ್ರ ಬಂತಲ್ಲ. ಇವತ್ತು ಅದನ್ನೂ ದಾಟ್ತದೆ." ಎಳೆಯುತ್ತಲೇ ಅವಳು ಗದ್ದದಿಂದ ಹಗ್ಗ ತೋರಿಸಿದಳು. "ಸುಮ್ನೆ ನಿಂತು ಅಳ್ತ್ಯಾ? ಕೈ ಹಾಕು. ಒಂದು ಕೈ ಹೆಚ್ಚಿದ್ರೆ ಅಷ್ಟು ಬೇಗ."

ಅವಳ ಹಿಂದೆ ನಿಂತು ಹಗ್ಗ ಹಿಡಿದೆ. ಹಿಮ್ಮಡಿ ಊರಿ ಹಿಂದಕ್ಕೆ ಬಾಗಿ ಎಳೆಯಬೇಕು. ನಾನು ತಿರುತಿರುಗಿ ಗಾಡಿಯನ್ನೇ ನೋಡುತ್ತಿದ್ದೆ. "ಅದ್ನ ನೋಡಿದ್ರೆ ಅದು ಮೇಲೆ ಬರ್ತದಾ? ಹಗ್ಗ ನೋಡು" ಎಂದು ಗದರಿದಳು. ಮೊದಲ ಅಲೆಯ ನೊರೆ ಟೈರಿಗೆ ತಾಗಿತು. ಅಂಗೈ ಸುಲಿಯಿತು. ಸೋಮವಾರ ಬೆಳಿಗ್ಗೆ ಆರು ಗಂಟೆ, ಸೋಮವಾರ ಬೆಳಿಗ್ಗೆ ಆರು ಗಂಟೆ ಎಂದು ಒಳಗೊಳಗೇ ಹೇಳಿಕೊಳ್ಳುತ್ತ, ಅದೇ ಲಯಕ್ಕೆ ಎಳೆದೆ. ಮತ್ತೊಂದು ಅಲೆ ಬಂದು ಚಕ್ರದ ಅರ್ಧ ಮುಳುಗಿಸಿ ಹೋಯಿತು. ಬಲೆಯ ಹೊಟ್ಟೆ ಇನ್ನೂ ನೀರಿನಲ್ಲೇ ಇತ್ತು.

ಬಲೆ ದಡ ಸೇರಿದಾಗ ಗಾಡಿಯ ಬಾಗಿಲಿನ ಕೆಳಗಂಚಿಗೆ ನೀರು ಬಂದಿತ್ತು. ಎಲ್ಲರೂ ಗಾಡಿಯ ಕಡೆ ಓಡಿದರು. ತೆಂಗಿನ ಗರಿ ತಂದು ಚಕ್ರದಡಿ ತುರುಕಿದರು, ಅದೇ ಹಗ್ಗವನ್ನು ಗಾಡಿಗೆ ಕಟ್ಟಿದರು, ದೋಣಿ ಎಳೆಯುವ ಕೂಗು ಹಾಕಿದರು. ಮೂರನೇ ಕೂಗಿಗೆ ಗಾಡಿ ಕದಲಿತು. ಚೆಂಡುಹೂವಿನ ಹಾರ ಹರಿದು ನೀರಿಗೆ ಬಿತ್ತು.

ಹೊರಟಾಗ ಆ ಹೆಂಗಸು ಬುಟ್ಟಿ ತುಂಬ ಬಂಗುಡೆ ತಂದಳು. ಬೇಡವೆಂದೆ.

"ಹಗ್ಗ ಹಿಡಿದವ್ರಿಗೆ ಪಾಲು. ಬೇಡ ಅನ್ನೂಕೆ ನೀನ್ಯಾರು?"

ಮುಂದಿನ ಊರಿನ ಖಾನಾವಳಿಗೆ ಆ ಮೀನು ಕೊಟ್ಟೆ. ಅಲ್ಲಿನ ಬಾವಿಯ ನೀರು ಸೇದಿ ಸೇದಿ ಗಾಡಿ ತೊಳೆದೆ. ಕಾರವಾರ ನೋಡಲಿಲ್ಲ. ಬ್ರೇಕು ಒತ್ತಿದಾಗಲೆಲ್ಲ ಗರಗರ ಎನ್ನುತ್ತಿತ್ತು. ಪ್ರತಿ ಇಳಿಜಾರಿನಲ್ಲೂ ಉಸಿರು ಹಿಡಿದು ಊರು ಸೇರಿದ್ದು ಭಾನುವಾರ ಮಧ್ಯಾಹ್ನ.

ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದರು. ಡಿಕ್ಕಿ ತೆಗೆದು, ಇನ್ನೂ ಉಳಿದಿದ್ದ ಬಂಗುಡೆಯ ವಾಸನೆ ಮೂಸಿದರು. ಕುಕ್ಕರಗಾಲಲ್ಲಿ ಕೂತು, ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿ, ನಾಲಿಗೆಗೆ ಇಟ್ಟುಕೊಂಡರು.

"ಉಪ್ಪು" ಎಂದರು.

ನಾನು ಎಲ್ಲವನ್ನೂ ಹೇಳಿದೆ. ಮಿರುಗುವ ನೆಲಕ್ಕೆ ಹೆದರಿದ್ದನ್ನು ಹೇಳುವಾಗ ಅಪ್ಪ ತಲೆ ತಗ್ಗಿಸಿದರು.

"ನಾನೂ ಅಂಗೇ ತಿರುಗಿಸ್ತಿದ್ದೆ ಕಣವ್ವ" ಎಂದರು. "ನನಗೆ ಗೊತ್ತಿರೋ ನೀರು ಕೆರೆದೊಂದೇ."

ಆಮೇಲೆ ಎದ್ದರು. ಜಾಕ್ ತಂದು ಗಾಡಿ ಎತ್ತಿ ಒಂದೊಂದೇ ಚಕ್ರ ಬಿಚ್ಚಿದರು. ಸುಲಿದ ಅಂಗೈಯಲ್ಲಿ ಪೈಪು ಹಿಡಿದು ನಾನು ನೀರು ಬಿಟ್ಟೆ. ಬ್ರೇಕಿನ ಸಂದಿಗಳಿಂದ ಮರಳು ಇಳಿಯುತ್ತಲೇ ಇತ್ತು. ಸೋಮವಾರ ಗಾಡಿ ಎಂದಿನ ಹೊತ್ತಿಗೇ ಹೊರಟಿತು, ನಾಲ್ಕೂ ಕಿಟಕಿ ತೆರೆದುಕೊಂಡು.