ಬಲಗೈ ಬ್ರೇಕು

ಗುರುಪಾದ ದಿನವೂ ಅಂಗಡಿ ತೆರೆಯುವ ಮೊದಲು ಪಂಕ್ಚರ್ ನೋಡುವ ಬೋಗುಣಿಯನ್ನು ತೊಳೆದು ಹೊಸ ನೀರು ತುಂಬುತ್ತಾನೆ. ಅದಕ್ಕೆ ಒಂದು ಚಿಟಿಕೆ ವಿಭೂತಿ ಹಾಕಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ನಿನ್ನೆಯ ನೀರಿನಲ್ಲಿ ಟ್ಯೂಬ್ ಮುಳುಗಿಸುವುದು ಅವನ ಮಟ್ಟಿಗೆ ದೇವರಿಗೆ ಬಾಡಿದ ಹೂವು ಏರಿಸಿದ ಹಾಗೆ.

ಅಫಜಲಪುರದ ಕಡೆಯಿಂದ ಹದಿನಾರನೇ ವಯಸ್ಸಿಗೆ ಕಟ್ಟಡದ ಕೆಲಸಕ್ಕೆಂದು ಈ ಮಹಾನಗರಕ್ಕೆ ಬಂದವನು. ಇಟ್ಟಿಗೆ ಹೊತ್ತು ಸಾಕಾಗಿ ಕಾಂದಿವಲಿಯ ಒಂದು ಸೈಕಲ್ ಅಂಗಡಿ ಸೇರಿದ. ಆಮೇಲೆ ತನ್ನದೇ ಅಂಗಡಿ ಹಾಕಿದ. ಅದಕ್ಕೆಲ್ಲ ಮೂವತ್ತೈದು ವರ್ಷವಾಯಿತು. ‘ನಿನಗ ಹೆಂಡ್ತಿಗಿಂತ ಹ್ಯಾಂಡಲ್ಲೇ ಹೆಚ್ಚು’ ಎಂದು ಹೆಂಡತಿ ಸುಂದ್ರವ್ವ ಈಗಲೂ ಚುಚ್ಚುತ್ತಾಳೆ.

ಆರು ವರ್ಷದ ಹಿಂದೆ, ಸೈಕಲ್ ಗ್ರೂಪೊಂದರ ಮುಂದಾಳು ಶ್ರೀರಾಮ್ ಅವನನ್ನು ಭಾನುವಾರದ ಸವಾರಿಗೆ ಕರೆದರು. ಬೆಳಿಗ್ಗೆ ಕಾಂದಿವಲಿಯಿಂದ ಇನ್ನೂರು ಸೈಕಲ್ ಹೊರಟು ಮಾಟುಂಗದಲ್ಲಿ ಇಡ್ಲಿ ತಿಂದು ಬರುವುದು. ನಟ್ಟು ಬಿಗಿಯುವ ಪಾನಾ, ಪಂಪು ಕಟ್ಟಿಕೊಂಡ ಗುರುಪಾದ ಎಲ್ಲರಿಗಿಂತ ಹಿಂದೆ. ಯಾರ ಸೈಕಲ್ ಕೆಟ್ಟರೂ ಅವನು ನಿಂತು ಸರಿಮಾಡಿ, ಅವರನ್ನು ಮುಂದೆ ಬಿಟ್ಟು ತಾನು ಹಿಂದೆ ಬರುತ್ತಾನೆ. ಅವನು ಬಂದು ಕೂರುವವರೆಗೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಇಷ್ಟು ಮರ್ಯಾದೆ ತನಗೆ ಈ ಊರಿನಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ ಎಂದು ಅವನೇ ಹೇಳುತ್ತಿದ್ದ.

ಕಳೆದ ಫೆಬ್ರವರಿಯ ಒಂದು ಶನಿವಾರ, ಅದೇ ಗ್ರೂಪಿನ ಸಾಧನಾ ತನ್ನ ಸೈಕಲ್ ತಂದುಕೊಟ್ಟಳು. ಹೊರದೇಶದಿಂದ ತರಿಸಿದ್ದು. ಎರಡೂ ಬ್ರೇಕಿನ ಕೇಬಲ್ ಬದಲಿಸಬೇಕಿತ್ತು. ನಮ್ಮ ಸೈಕಲ್‌ಗಳಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕು. ಅವಳದರಲ್ಲಿ ಬಲಗೈಗೆ ಹಿಂದಿನ ಚಕ್ರ. ಮೂವತ್ತೈದು ವರ್ಷದ ರೂಢಿ ಕೈಯಲ್ಲಿತ್ತು. ಸಂಜೆ ಐದಾರು ಸೈಕಲ್ ಸಾಲಾಗಿ ನಿಂತಿದ್ದವು. ಗುರುಪಾದ ನಮ್ಮ ಪದ್ಧತಿಯಂತೆಯೇ ಜೋಡಿಸಿಬಿಟ್ಟ.

ಮರುದಿನ ಫ್ಲೈಓವರಿನ ಇಳಿಜಾರಿನಲ್ಲಿ ಮುಂದೊಂದು ರಿಕ್ಷಾ ಗಕ್ಕನೆ ನಿಂತಿತು. ಸಾಧನಾ ಬಲಗೈ ಬಿಗಿಯಾಗಿ ಒತ್ತಿದಳು. ಮುಂದಿನ ಚಕ್ರ ಕಚ್ಚಿಕೊಂಡು ಸೈಕಲ್ಲೇ ತಲೆಕೆಳಗಾಯಿತು. ಕೊನೆಯಲ್ಲಿ ಬಂದ ಗುರುಪಾದನೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸ್ ಬರುವವರೆಗೆ ಕೂತ. ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು.

ಎಲ್ಲರೂ ರಿಕ್ಷಾದವನನ್ನು ಬೈದರು. ಸೈಕಲ್ಲನ್ನು ಅಂಗಡಿಯಲ್ಲಿ ತಂದಿಟ್ಟ ದಿನ ಗುರುಪಾದ ಬಲಗೈ ಬ್ರೇಕು ಒತ್ತಿ ನೋಡಿದ. ಕಚ್ಚಿದ್ದು ಮುಂದಿನ ಚಕ್ರ. ಆಮೇಲೆ ಎರಡು ದಿನ ಊಟ ಮಾಡಲಿಲ್ಲ. ಶ್ರೀರಾಮ್‌ಗೆ ಹೇಳಬೇಕೆಂದು ಮೂರು ಸಲ ಫೋನು ಮಾಡಿ ಬೇರೇನೋ ಮಾತಾಡಿ ಇಟ್ಟ. ಗ್ರೂಪಿನವರ ಸೈಕಲ್ ಬರದಿದ್ದರೆ ಅಂಗಡಿಯೇ ಇಲ್ಲ. ಪ್ರಾರ್ಥನೆ ಮಾಡಿದರೆ, ಏನು ಬೇಡಬೇಕೋ ತಿಳಿಯುತ್ತಿರಲಿಲ್ಲವಂತೆ.

ಜೂನ್‌ನಲ್ಲಿ ಸಾಧನಾಳ ಮನೆಗೆ ಹೋದ. ತಾಯಿ ಪಂಕಜಾ, ಮೈಸೂರಿನ ಕಡೆಯವರು, ಬಾಗಿಲು ತೆಗೆದರು. ಮಂಚದ ಮೇಲಿದ್ದ ಸಾಧನಾ ಅವನನ್ನು ಕಂಡು ತಾನೇ ಸಮಾಧಾನ ಹೇಳಿದಳು.

“ಅಂಕಲ್, ಗಲತಿ ನಂದೇ. ಪ್ಯಾನಿಕ್‌ನಲ್ಲಿ ರಾಂಗ್ ಬ್ರೇಕ್ ಹಿಡಿದೆ. ಡೈಲಿ ಅದೇ ಯೋಚನೆ ಬರತ್ತೆ.”

“ಇಲ್ಲ ತಂಗಿ, ನೀ ಸರಿಯಾಗೇ ಹಿಡದಿ,” ಎಂದ ಗುರುಪಾದ. “ನಾನೇ ಕೇಬಲ್ ಅದಲಿ ಬದಲಿ ಹಾಕೀನಿ.”

ಅವಳು ಅವನ ಕೈಗಳನ್ನೇ ನೋಡಿದಳು. ತೋಳಿನ ಬಲದಿಂದ ಮೈಯನ್ನು ಅರ್ಧ ಹೊರಳಿಸಿ ಗೋಡೆಯ ಕಡೆ ಮುಖ ಮಾಡಿದಳು. ಕಾಲುಗಳು ಇದ್ದ ಹಾಗೇ ಉಳಿದವು. ಪಂಕಜಾ ಬಂದು ಅವನ್ನು ಎತ್ತಿ ಸರಿಸಿಟ್ಟರು.

ಬಾಗಿಲವರೆಗೆ ಬಂದ ಪಂಕಜಾ ಹೇಳಿದರು: “ಗ್ರೂಪಿನವರಿಗೆ ನಾವು ಹೇಳಲ್ಲ. ನಿಮ್ಮ ಹೊಟ್ಟೆ ಮೇಲೆ ಹೊಡೆದು ನಮಗೇನು ಬರಬೇಕಾಗಿದೆ? ನೀವೂ ಸುಮ್ಮನಿದ್ದುಬಿಡಿ.”

“ಬ್ಯಾಡ್ರಿ ಅಕ್ಕಾರ,” ಎಂದ ಗುರುಪಾದ. “ನೀವು ಸುಮ್ನಿದ್ರ ಅವ್ರು ಈ ಶನಿವಾರನೂ ನನ್ನ ಕೈಗೇ ಸೈಕಲ್ ಕೊಡ್ತಾರ್ರಿ.”